ಯಜಮಾನರ ಬಲಗಣ್ಣು

ನನ್ನ ತಂಗಿಗೆ ಮದುವೆಯಾಗಿಲ್ಲ. ಆದರೂ ಅವಳು ಕೆಲಸ ಮಾಡುವ ಬಸ್ ನಿಲ್ದಾಣದ ಟಿಕೆಟ್ ಕೌಂಟರಿಗೆ ಹೊಸದಾಗಿ ಸೇರಿದವರೆಲ್ಲ ಮೊದಲ ಒಂದು ವಾರ ಅವಳಿಗೊಬ್ಬ ಗಂಡ ಇದ್ದಾನೆಂದೇ ತಿಳಿದಿರುತ್ತಿದ್ದರು. ಸಂಜೆ ಆರು ಹೊಡೆಯುತ್ತಿದ್ದ ಹಾಗೆ ಅವಳು ಚೀಲ ಹೆಗಲಿಗೇರಿಸಿ, "ನಾನು ಹೊರಟೆ, ನಮ್ಮ ಯಜಮಾನ್ರು ಏಳೋ ಹೊತ್ತಾಯ್ತು" ಎನ್ನುತ್ತಿದ್ದಳು. ಸಂಜೆ ಆರಕ್ಕೆ ಏಳುವ ಗಂಡ ಯಾವ ಸೀಮೆಯವನಪ್ಪ ಎಂದು ಅವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. "ಇವತ್ತು ಯಜಮಾನ್ರು ಪೊರೆ ಬಿಡ್ತಿದ್ದಾರೆ, ಸ್ವಲ್ಪ ಬೇಗ ಹೋಗ್ಬೇಕು" ಎಂದ ದಿನ ಗುಟ್ಟು ರಟ್ಟಾಗುತ್ತಿತ್ತು.

ಯಜಮಾನರೆಂದರೆ ಒಂದು ಗೇಣುದ್ದದ ಸಾಕು ಹಲ್ಲಿ. ನಮ್ಮ ಗೋಡೆಗಳ ಮೇಲೆ ಓಡಾಡುವ ಜಾತಿಯಲ್ಲ. ಗೋಡೆ ಹತ್ತಲು ಬರುವುದಿಲ್ಲ, ನೆಲದ ಮೇಲೆ ಹೊಟ್ಟೆ ಎತ್ತಿಕೊಂಡು ಗತ್ತಿನಿಂದ ನಡೆಯುತ್ತದೆ. ಹಳದಿ ಮೈ, ಮೈ ತುಂಬ ಕಪ್ಪು ಚುಕ್ಕೆ, ಮೂಲಂಗಿಯಂಥ ದಪ್ಪ ಬಾಲ. ಮನೆಯ ಹಲ್ಲಿಗಿಲ್ಲದ ಕಣ್ಣಿನ ರೆಪ್ಪೆ ಈ ಜಾತಿಗಿದೆ. ಅದಕ್ಕೇ ಇರಬೇಕು, ಅದು ಕಣ್ಣು ಮುಚ್ಚಿ ತೆರೆದಾಗಲೆಲ್ಲ ನಾವು ಹೇಳಿದ್ದನ್ನು ಕೇಳಿಸಿಕೊಂಡು ಯೋಚಿಸುತ್ತಿರುವಂತೆ ಕಾಣುತ್ತದೆ. ಊರು ಬಿಟ್ಟು ಹೋಗುತ್ತಿದ್ದ ಪಕ್ಕದ ಮನೆಯವರು ತಂಗಿಯ ಕೈಗೆ ಗಾಜಿನ ಪೆಟ್ಟಿಗೆ ಸಮೇತ ಅದನ್ನು ಕೊಟ್ಟು ಹೋಗಿದ್ದರು. ತಂಗಿ ಅದರ ಬಗ್ಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ. ಈಗ ನನಗೂ ಅದೇ ರೂಢಿಯಾಗಿದೆ.

ನಾಲ್ಕು ವರ್ಷ ಅವಳು ಅವರನ್ನು ಸಾಕಿದ್ದಳು. ಇದು ಎಷ್ಟು ದೊಡ್ಡ ಸಂಗತಿ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಚಿಕ್ಕವಳಿದ್ದಾಗ ಅವಳು ಮೊಲದ ಮರಿ ತಂದಳು, ಅದು ಹದಿನೈದು ದಿನಕ್ಕೆ ಸತ್ತಿತು. ಮೀನು ತಂದಳು, ಒಂದೊಂದಾಗಿ ತೇಲಿದವು. ಕುಂಡದಲ್ಲಿ ಅವಳು ನೆಟ್ಟದ್ದು ಚಿಗುರಿದ್ದೇ ಕಡಿಮೆ. ಅಮ್ಮ ಬಾಯಿ ಬಿಗಿ ಹಿಡಿಯುವವಳಲ್ಲ. "ಚಿಕ್ಕವಳ ಕೈಲಿ ಏನೂ ಉಳಿಯಲ್ಲ, ದೊಡ್ಡವಳ ಕೈ ಬಂಗಾರದ ಕೈ" ಎಂದು ಬಂದವರೆದುರಿಗೆಲ್ಲ ಹೇಳುತ್ತಿದ್ದಳು. ನಾನು ಬೇಡ ಎನ್ನಲಿಲ್ಲ. ಹೊಗಳಿಕೆ ಯಾರಿಗೆ ಬೇಡ? ಬಂಗಾರದ ಕೈಯವಳು ಹೊಲಿಗೆ ಕಲಿತೆ, ಮನೆಯ ಮುಂಭಾಗದಲ್ಲೇ ಅಂಗಡಿ ಇಟ್ಟೆ. ಹರಿದದ್ದು, ಸಡಿಲಾದದ್ದು, ಬಿಗಿಯಾದದ್ದು, ಉದ್ದವಾದದ್ದು ಎಲ್ಲ ನನ್ನ ಹತ್ತಿರ ಬರುತ್ತಿತ್ತು. ತೆಳು ರೇಷ್ಮೆಯ ಮೇಲೆ ಯಾರೋ ತಪ್ಪಾಗಿ ಹಾಕಿದ ಹೊಲಿಗೆಯನ್ನು ಬಟ್ಟೆಗೆ ಗೊತ್ತಾಗದ ಹಾಗೆ ಬಿಚ್ಚುವುದರಲ್ಲಿ ನನಗೆ ಹೆಸರಿತ್ತು. ಒಂದು ಸಣ್ಣ ಚಿಮುಟ ಹಿಡಿದು ಒಂದೊಂದೇ ನೂಲು ಎಳೆಯುತ್ತಾ ಕುಳಿತರೆ ನನಗೆ ಜಗತ್ತೇ ಬೇಡ.

ತಂಗಿಗೆ ಬೆನ್ನುಹುರಿಯ ತೊಂದರೆ ಶುರುವಾದದ್ದು ಆ ಕೌಂಟರಿನ ಸ್ಟೂಲಿನಿಂದ. ಎಂಟೆಂಟು ಗಂಟೆ ಬಗ್ಗಿ ಕುಳಿತು, ಕಿಂಡಿಯಾಚೆ ಕೈ ಚಾಚಿ ಚಾಚಿ, ಕೊನೆಗೆ ಒಂದು ಕಾಲು ಜೋಮು ಹಿಡಿದು ನಿಲ್ಲಲಾಗದಂತಾಯಿತು. ಬೇರೆ ಊರಿನ ಆಸ್ಪತ್ರೆಯಲ್ಲಿ ಆಪರೇಷನ್, ಆಮೇಲೆ ಅಲ್ಲೇ ಇದ್ದು ವ್ಯಾಯಾಮ, ಒಟ್ಟು ಒಂದು ತಿಂಗಳು ಎಂದರು. ಹೊರಡುವ ಹಿಂದಿನ ದಿನ ನಮ್ಮವರು ಅವಳ ಮನೆಯಿಂದ ಗಾಜಿನ ಪೆಟ್ಟಿಗೆ ಹೊತ್ತು ತಂದು, ನನ್ನ ಇಸ್ತ್ರಿ ಮೇಜಿನ ಪಕ್ಕ ಇಟ್ಟರು. ನಮ್ಮವರು ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಪೆಟ್ಟಿಗೆ ಇಳಿಸಿ ಸೊಂಟ ಹಿಡಿದುಕೊಂಡು, "ನಿಮ್ಮ ಯಜಮಾನ್ರನ್ನ ನಿಮ್ಮಕ್ಕನ ಯಜಮಾನ್ರು ಹೊರಬೇಕಾ? ಇದ್ಯಾವ ನ್ಯಾಯ?" ಎಂದರು. ತಂಗಿ ನಕ್ಕಳು, ನಗುವಾಗ ಬೆನ್ನು ನೊಂದು ಮುಖ ಕಿವುಚಿದಳು.

ಅವಳು ನಾಲ್ಕು ಹಾಳೆ ಬರೆದುಕೊಟ್ಟಿದ್ದಳು. ಹುಳುಗಳಿಗೆ ವಿಟಮಿನ್ ಪುಡಿ ಹೇಗೆ ಸವರಬೇಕು, ಪೆಟ್ಟಿಗೆಯ ಕೆಳಗಿನ ಬಿಸಿ ಎಷ್ಟಿರಬೇಕು, ಎಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ಮುಚ್ಚಳಕ್ಕೆ ತೂತು ಕೊರೆದ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು, ಒಳಗೆ ಒದ್ದೆ ಬಟ್ಟೆ. ಅದಕ್ಕೆ ಅವಳು 'ಒದ್ದೆ ಮನೆ' ಎಂದು ಹೆಸರಿಟ್ಟಿದ್ದಳು.

"ಅಕ್ಕ, ಉಳಿದದ್ದು ಒಂದು ದಿನ ಹೆಚ್ಚುಕಮ್ಮಿ ಆದ್ರೂ ಪರವಾಗಿಲ್ಲ. ಈ ಒದ್ದೆ ಮನೆ ಮಾತ್ರ ಒಣಗಬಾರ್ದು. ಪೊರೆ ಬಿಡೋವಾಗ ಇದರೊಳಗೆ ಹೋಗಿ ಕೂರ್ತಾರೆ. ಒಣಗಿದ್ರೆ ಪೊರೆ ಮೈಗೆ ಅಂಟ್ಕೊಳ್ಳುತ್ತೆ."

"ಅಂಟ್ಕೊಂಡ್ರೆ ತೆಗೆದ್ರಾಯ್ತು."

"ಇಲ್ಲ ಅಕ್ಕ. ಅದನ್ನೇ ಹೇಳ್ತಿರೋದು. ಕಣ್ಣಿನ ಹತ್ರ ಅಂತೂ ಕೈ ಹಾಕ್ಲೇಬೇಡ. ಏನಾದ್ರೂ ಆದ್ರೆ ನಂಗೆ ಫೋನ್ ಮಾಡು. ಆಪರೇಷನ್ ದಿನ ಆದ್ರೂ ಪರವಾಗಿಲ್ಲ, ಮಾಡು."

ಮೂರನೇ ಹಾಳೆಯಲ್ಲಿ 'ಎಳೆಯಬೇಡ' ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ಆ ಎರಡನೇ ಗೆರೆ ನನಗೆ ಚುಚ್ಚಿತು. ನನ್ನ ಕೈ ಎಂಥದೆಂದು ಇವಳಿಗೆ ಗೊತ್ತಿಲ್ಲವೆ ಎಂದುಕೊಂಡೆ.

ಅವಳ ಆಪರೇಷನ್ ಚೆನ್ನಾಗಿ ಆಯಿತು. ಆ ವಾರವೇ ಶಾಲೆಗಳು ಶುರುವಾಗುವ ಕಾಲ ಬಂತು. ನನ್ನ ಅಂಗಡಿಯಲ್ಲಿ ಸಮವಸ್ತ್ರಗಳ ಗುಡ್ಡೆ. ಎಲ್ಲ ತಾಯಂದಿರಿಗೂ ಮಗು ಬೆಳೆಯುತ್ತದೆಂದು ಉದ್ದ ಪ್ಯಾಂಟೇ ಬೇಕು, ಹಾಗೆಂದು ನೆಲ ಗುಡಿಸುವಂತಿರಲೂ ಬಾರದು. ಮಡಿಸಿ, ಹೊಲಿದು, ಇಸ್ತ್ರಿ ಹಾಕಿ, ಚೀಟಿ ಚುಚ್ಚಿ ಇಡುವುದರಲ್ಲಿ ನನಗೆ ಊಟದ ಹೊತ್ತು ತಿಳಿಯುತ್ತಿರಲಿಲ್ಲ. ಯಜಮಾನರಿಗೆ ಹುಳು ಹಾಕುತ್ತಿದ್ದೆ, ನೀರು ಬದಲಿಸುತ್ತಿದ್ದೆ. ಒದ್ದೆ ಮನೆ ನೆನಪಾಗಲಿಲ್ಲ. ಪಕ್ಕದಲ್ಲೇ ದಿನವಿಡೀ ಇಸ್ತ್ರಿಯ ಬಿಸಿ ಬೇರೆ. ಒಂಬತ್ತು ದಿನವೋ ಹತ್ತು ದಿನವೋ, ಲೆಕ್ಕ ಇಟ್ಟವರಾರು?

ಒಂದು ಬೆಳಗ್ಗೆ ನೋಡಿದರೆ ಯಜಮಾನರ ಮೈ ಬೂದಿ ಬಳಿದಂತೆ ಬೆಳ್ಳಗಾಗಿತ್ತು. ಪೊರೆ ಬಿಡುವ ಮೊದಲು ಹಾಗಾಗುತ್ತದೆಂದು ಹಾಳೆಯಲ್ಲಿತ್ತು. ಆಗ ಒದ್ದೆ ಮನೆಗೆ ಬೆರಳು ಹಾಕಿ ನೋಡಿದೆ. ಬಟ್ಟೆ ಹಪ್ಪಳದ ಹಾಗೆ ಒಣಗಿ ಸೆಟೆದಿತ್ತು. ಒಂದು ಲೋಟ ನೀರು ಸುರಿದು, ದೊಡ್ಡ ಉಪಕಾರ ಮಾಡಿದವಳಂತೆ ಮಿಷನ್ ಮುಂದೆ ಕುಳಿತೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಮೈಯ ಪೊರೆಯೆಲ್ಲ ಹೋಗಿತ್ತು. ಬೆರಳುಗಳ ತುದಿಯಲ್ಲಿ ಚೂರು ಚೂರು ಉಳಿದಿತ್ತು. ಎರಡು ಕಣ್ಣುಗಳ ಮೇಲೂ ಒಣಗಿದ ಅಂಟಿನಂತೆ ಹಿಡಿದುಕೊಂಡಿತ್ತು. ಯಜಮಾನರು ಕಣ್ಣು ತೆರೆಯುತ್ತಿರಲಿಲ್ಲ. ಮುಖವನ್ನು ಕಲ್ಲಿಗೆ ಒರಸುತ್ತಿದ್ದರು, ಹುಳು ಎದುರಿಗೆ ಹರಿದಾಡಿದರೂ ಗೊತ್ತಾಗುತ್ತಿರಲಿಲ್ಲ.

ಮೂರನೇ ಹಾಳೆ ತೆಗೆದು ಓದಿದೆ. ಉಗುರು ಬೆಚ್ಚಗಿನ ನೀರಲ್ಲಿ ಒದ್ದೆ ಮಾಡಿದ ಬಟ್ಟೆ ಹಾಸಿ, ಡಬ್ಬಿಯಲ್ಲಿ ಅರ್ಧ ಗಂಟೆ ಬಿಡು. ಬರದಿದ್ದರೆ ಮರುದಿನ ಮತ್ತೆ ಮಾಡು. ಆಗಲೂ ಬರದಿದ್ದರೆ ಡಾಕ್ಟರು. ಎಳೆಯಬೇಡ.

ಫೋನ್ ಮಾಡಬಹುದಿತ್ತು. ಮಾಡಿದರೆ ಅವಳ ಮೊದಲ ಪ್ರಶ್ನೆ ಒದ್ದೆ ಮನೆಯದ್ದೇ ಎಂದು ಗೊತ್ತಿತ್ತು. ಡಬ್ಬಿಯಲ್ಲಿ ಬಿಟ್ಟೆ. ಅರ್ಧ ಗಂಟೆ ಎಲ್ಲಿಂದ ಬರಬೇಕು, ಹತ್ತು ನಿಮಿಷಕ್ಕೆ ತೆಗೆದೆ. ಎಡಗೈಯಲ್ಲಿ ಹಿಡಿದು, ದೀಪ ಹತ್ತಿರ ಎಳೆದುಕೊಂಡು, ಚಿಮುಟದ ತುದಿಯಿಂದ ಎಡಗಣ್ಣಿನ ಪೊರೆಯ ಅಂಚು ಹಿಡಿದೆ. ಒಂದು ನೂಲು ಬಂದಂತೆ ಬಂತು. ಒಳಗಿನ ಕಣ್ಣು ಫಳಫಳ ಹೊಳೆಯಿತು. ಯಜಮಾನರು ರೆಪ್ಪೆ ಬಡಿದು ನನ್ನನ್ನೇ ನೋಡಿದರು. ಬಂಗಾರದ ಕೈ ಎಂದು ಅಮ್ಮ ಸುಮ್ಮನೆ ಅಂದಳೆ ಎಂದುಕೊಂಡು ಬಲಗಣ್ಣಿಗೆ ತಿರುಗಿದೆ.

ಅದು ರೆಪ್ಪೆಯ ಒಳಕ್ಕೆ ಹೋಗಿತ್ತು. ಒಮ್ಮೆ ಎಳೆದೆ, ಬರಲಿಲ್ಲ. ಹೊರಗೆ ಒಬ್ಬ ತಾಯಿ ಬಂದು, "ಆಯ್ತಾಮ್ಮ ನಮ್ಮ ಪ್ಯಾಂಟು?" ಎಂದು ಕೂಗಿದಳು. "ಬಂದೆ, ಒಂದು ನಿಮಿಷ" ಎಂದೆ. ಚಿಮುಟವನ್ನು ಇನ್ನೊಂದಿಷ್ಟು ಒಳಗೆ ತಳ್ಳಿ ಹಿಡಿದು ಎಳೆದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಯಜಮಾನರು ತಲೆಯನ್ನು ಜೋರಾಗಿ ಕೊಡವಿದರು. ಚಿಮುಟದ ತುದಿ ಮೆತ್ತಗೆ ಯಾವುದಕ್ಕೋ ತಗುಲಿ ಜಾರಿದ್ದು ನನ್ನ ಬೆರಳಿಗೆ ತಿಳಿಯಿತು. ಹೊಲಿಗೆಯವಳ ಬೆರಳಿಗೆ ಬಟ್ಟೆ ಸೀಳಿದ್ದು ಕಣ್ಣಿಗಿಂತ ಮೊದಲು ತಿಳಿಯುತ್ತದೆ. ಪೊರೆ ಬಂದಿತ್ತು. ಯಜಮಾನರು ಆ ಕಣ್ಣು ಮುಚ್ಚಿಕೊಂಡರು, ಮತ್ತೆ ತೆರೆಯಲಿಲ್ಲ.

ನಮ್ಮವರು ಸಂಜೆ ಬಂದಾಗ ಹೇಳಿದೆ. ಅವರು ಗಾಜಿನ ಹತ್ತಿರ ಮುಖವಿಟ್ಟು ನೋಡಿ, "ಎಣ್ಣೆ ಹಾಕಿ ಬಿಡೋ ಬೋಲ್ಟಿಗೆ ಸುತ್ತಿಗೆ ಹೊಡೆದಂಗಾಯ್ತು. ನಾಳೆ ಡಾಕ್ಟ್ರ ಹತ್ರ ಹೋಗು" ಎಂದರು. ನಾನು ನಾಳೆ ಹೋಗಲಿಲ್ಲ, ನಾಡಿದ್ದೂ ಹೋಗಲಿಲ್ಲ. ತಾನಾಗಿಯೇ ವಾಸಿಯಾದೀತೆಂದು ಕಾದೆ. ಮೂರನೇ ದಿನ ರೆಪ್ಪೆ ಅವರೆಕಾಳಿನಂತೆ ಊದಿಕೊಂಡಿತು.

ಹಕ್ಕಿ, ಆಮೆ, ಹಲ್ಲಿಗಳನ್ನು ನೋಡುವ ಡಾಕ್ಟರು ಇದ್ದದ್ದು ಬಸ್ಸಿನಲ್ಲಿ ಒಂದು ಗಂಟೆ ದೂರ. ಯಜಮಾನರನ್ನು ಊಟದ ಡಬ್ಬಿಯೊಂದರಲ್ಲಿ ಕೂರಿಸಿ, ಡಬ್ಬಿಗೆ ಟವೆಲ್ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೋದೆ. ನನಗಿಂತ ಮುಂಚೆ ಒಳಗಿದ್ದವರು ಗಿಣಿ ತಂದಿದ್ದರು. ಅದರ ಕೊಕ್ಕು ಉದ್ದವಾಯಿತೆಂದು ಮನೆಯಲ್ಲೇ ಉಗುರು ಕತ್ತರಿಸುವ ಕಟರಿನಿಂದ ಕತ್ತರಿಸಿದ್ದರು. ಬಾಗಿಲು ಅರ್ಧ ತೆರೆದಿತ್ತು. ಡಾಕ್ಟರ ದನಿ ಬೆಂಚಿನ ಮೇಲಿದ್ದ ನಮಗೆಲ್ಲ ಕೇಳುತ್ತಿತ್ತು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಎತ್ತೋರು ಪ್ರಾಣಿ ಯಾಕ್ರೀ ಸಾಕ್ತೀರಿ? ನಿಮಗೆ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ. ಕೈ ಯಾಕೆ ಹಾಕ್ತೀರಿ?"

ಗಿಣಿಯವರು ತಲೆ ತಗ್ಗಿಸಿ ಹೊರಗೆ ಬಂದರು. ಬೆಂಚಿನ ಮೇಲಿದ್ದವರೆಲ್ಲ ಅವರನ್ನೇ ನೋಡಿದೆವು. ನಾನೂ ನೋಡಿದೆ.

ಡಾಕ್ಟರು ಯಜಮಾನರನ್ನು ಅಂಗೈ ಮೇಲೆ ತೆಗೆದುಕೊಂಡು ಸಣ್ಣ ಟಾರ್ಚಿನಿಂದ ನೋಡಿದರು. ಪ್ರಾಣಿಯ ಜೊತೆ ಅವರ ದನಿಯೇ ಬೇರೆ, ಎದುರಿಗಿದ್ದ ಮನುಷ್ಯರ ಜೊತೆಯದೇ ಬೇರೆ.

"ನಿಮ್ಮದಾ?"

"ನನ್ನ ತಂಗೀದು. ಅವಳು ಆಸ್ಪತ್ರೇಲಿದ್ದಾಳೆ."

"ಪೊರೆ ಅಂಟ್ಕೊಂಡಿತ್ತು ಅನ್ಸುತ್ತೆ. ನೀವೇನಾದ್ರೂ ಎಳೆದ್ರಾ?"

"ಇಲ್ಲ" ಎಂದೆ.

ಆ ಒಂದು ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅದು ನಿಜವೆನಿಸಿತು.

ಅವರು ಮೇಜಿನ ಸೆಳೆಖಾನೆ ಎಳೆದು ತಡಕಾಡಿದರು. "ಗಾಯ ಇದೆಯಾ ನೋಡೋಕೆ ಒಂದು ಬಣ್ಣ ಹಾಕ್ತೀವಿ, ಅದು ಮುಗಿದಿದೆ. ನಾಡಿದ್ದು ಬರುತ್ತೆ. ಊತ ನೋಡಿದ್ರೆ ಕಾಯೋದು ಒಳ್ಳೇದಲ್ಲ." ಒಂದು ಸಣ್ಣ ಬಾಟಲಿ ತೆಗೆದು ನನ್ನತ್ತ ನೋಡಿದರು. "ನೋಡಿಮ್ಮ, ಈ ಡ್ರಾಪ್ಸ್ ಊತ ಬೇಗ ಇಳಿಸುತ್ತೆ. ಆದ್ರೆ ಕಣ್ಣುಗುಡ್ಡೆ ಮೇಲೆ ಒಂದು ಸಣ್ಣ ಗೀರಿದ್ರೂ ಇದು ಕಣ್ಣನ್ನೇ ತಿಂದುಹಾಕುತ್ತೆ. ಅದಕ್ಕೇ ಇನ್ನೊಂದು ಸಲ ಕೇಳ್ತಿದೀನಿ. ಏನೂ ತಾಗಿಲ್ಲ ತಾನೆ?"

ಹೊರಗಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಬಾಗಿಲು ಇನ್ನೂ ಅರ್ಧ ತೆರೆದೇ ಇತ್ತು.

"ಏನೂ ತಾಗಿಲ್ಲ ಡಾಕ್ಟ್ರೇ."

ಮನೆಗೆ ಬಂದಾಗ ನಮ್ಮವರು, "ಚಿಮುಟದ ವಿಷಯ ಹೇಳ್ದೆ ತಾನೆ?" ಎಂದು ಕೇಳಿದರು. "ಎಲ್ಲಾ ಹೇಳ್ದೆ" ಎಂದೆ. ಒಂದು ಸುಳ್ಳಿಗೆ ಜೊತೆ ಬೇಕಲ್ಲ. ಆಮೇಲೆ ಬಾಟಲಿ ಹಿಡಿದು ಯಜಮಾನರ ರೆಪ್ಪೆಯ ಸಂದಿಗೆ ಒಂದು ತೊಟ್ಟು ಬಿಟ್ಟೆ. ನನಗೆ ಗೊತ್ತಿತ್ತು. ಇಲ್ಲವೆಂದು ಈಗ ಹೇಳಲಾರೆ. ಮೆತ್ತಗೆ ತಗುಲಿದ್ದಕ್ಕೆ ಗಾಯ ಎನ್ನುತ್ತಾರೆಯೆ, ಗೀರು ಎಂದರೆ ರಕ್ತ ಬರಬೇಕಲ್ಲವೆ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಬೆಳಗ್ಗೆ ಒಂದು, ಸಂಜೆ ಒಂದು. ಐದು ಸಲ ಹಾಕಿದೆ. ಐದನೆಯ ಸಲ ರೆಪ್ಪೆ ಸರಿಸಿದಾಗ ಕಪ್ಪು ಕಣ್ಣು ಇರುವಲ್ಲಿ ಹಾಲಿನ ಕೆನೆಯಂಥದ್ದು ಕಂಡಿತು. ಬಾಟಲಿ ಕೆಳಗಿಟ್ಟೆ. ಮತ್ತೆರಡು ದಿನ ಡ್ರಾಪ್ಸ್ ಹಾಕಲೂ ಇಲ್ಲ, ಡಾಕ್ಟರ ಹತ್ತಿರ ಹೋಗಲೂ ಇಲ್ಲ. ಪ್ಯಾಂಟುಗಳ ಅಂಚು ಮಡಿಸುತ್ತಾ ಕುಳಿತೆ.

ಮತ್ತೆ ಹೋದಾಗ ಡಾಕ್ಟರ ಬಣ್ಣ ಬಂದಿತ್ತು. ಕಣ್ಣಿಗೆ ಹಾಕಿ ನೀಲಿ ದೀಪ ಹಿಡಿದಾಗ ಕಣ್ಣುಗುಡ್ಡೆಯ ಮುಕ್ಕಾಲು ಭಾಗ ಹಸಿರಾಗಿ ಹೊಳೆಯಿತು. ಅವರು ದೀಪ ಆರಿಸಿದರು.

"ಗಾಯ ಇತ್ತು. ಎಲ್ಲಿಂದ ಆಯ್ತೋ."

"ಕಲ್ಲಿಗೆ ಉಜ್ಜಿಕೊಳ್ತಿದ್ರು" ಎಂದೆ.

"ಇರಬಹುದು." ಅವರು ಕೈಗವಸು ಕಳಚಿದರು. "ಈ ಕಣ್ಣು ಉಳಿಯಲ್ಲ. ತೆಗೀಬೇಕು. ಬಿಟ್ರೆ ಜೀವಕ್ಕೇ ಬರುತ್ತೆ. ನಿಮ್ಮ ತಂಗೀನ ಕೇಳಿ."

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದೆ. ಕಣ್ಣಿಗೆ ಸೋಂಕಾಗಿದೆ, ತೆಗೆಯಬೇಕಂತೆ ಎಂದೆ.

"ಪೊರೆ ಅಂಟ್ಕೊಂಡಿತ್ತಾ?"

"ಸ್ವಲ್ಪ."

"ನೀನು ಮುಟ್ಲಿಲ್ಲ ಅಲ್ವಾ ಅಕ್ಕ?"

"ಇಲ್ಲಮ್ಮ. ನೀನು ಬರೆದ ಹಾಗೇ ಮಾಡ್ದೆ."

"ತೆಗೆಸ್ಬಿಡು. ನೋವು ಇಟ್ಕೊಂಡಿರೋದು ಬೇಡ." ಕೊನೆಗೆ, "ನೀನಿದ್ದೆ, ಸರಿಹೋಯ್ತು" ಎಂದಳು.

ತಿಂಗಳು ಕಳೆದು ಅವಳು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಬಂದಳು. ಯಜಮಾನರ ಕಣ್ಣಿನ ಹೊಲಿಗೆ ಬಿಚ್ಚಿಸಲು ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಯಜಮಾನರ ಬಲಗಡೆ ರೆಪ್ಪೆ ಸೇರಿಕೊಂಡು, ಆ ಕಡೆಯಿಂದ ನೋಡಿದರೆ ಸದಾ ನಿದ್ದೆಯಲ್ಲಿರುವಂತೆ ಕಾಣುತ್ತಿದ್ದರು. ತಂಗಿ ಯಾಕೆ ಹೀಗಾಯಿತು ಎಂದು ಕೇಳಿದಳು. ಡಾಕ್ಟರು ತಮಗೆ ತಿಳಿದಷ್ಟು ಹೇಳಿದರು. ವಿಟಮಿನ್ ಕಡಿಮೆಯಾದರೆ ಪೊರೆ ಸರಿಯಾಗಿ ಬಿಡುವುದಿಲ್ಲ, ಕಣ್ಣಿಗೆ ಅಂಟುತ್ತದೆ, ತುರಿಸಿ ಉಜ್ಜಿಕೊಳ್ಳುತ್ತವೆ, ಗಾಯವಾಗುತ್ತದೆ. "ಪುಡಿ ತಪ್ಪದೆ ಹಾಕ್ತಿದ್ರಾ?"

ತಂಗಿಯ ಮುಖ ಇಳಿಯಿತು. "ಹೋಗೋಕೆ ಮುಂಚೆ ಪುಡಿ ಮುಗಿದಿತ್ತು ಡಾಕ್ಟ್ರೇ. ಬೆನ್ನು ನೋವು ಅಂತ ತರೋಕೆ ಹೋಗ್ಲಿಲ್ಲ. ಹೊರಡೋ ಹೊತ್ತಿಗೆ ತರಿಸಿದೆ, ಅದಕ್ಕೆ ಮುಂಚೆ ಎಂಟು ದಿನ ಹಾಕಿಲ್ಲ."

ಎಂಟು ದಿನ ಪುಡಿ ತಪ್ಪಿದ ಮಾತ್ರಕ್ಕೆ ಕಣ್ಣು ಹೋಗುವುದಿಲ್ಲವೆಂದು ಡಾಕ್ಟರೇ ಹೇಳಬಹುದಿತ್ತು. ಅವರು ಫೋನ್ ಬಂತೆಂದು ಎದ್ದು ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆ ತಾನಾಗಿ ಬಂದು ಬೆನ್ನೊಡ್ಡಿತು. ಎತ್ತು ಪಕ್ಕದ ಕುರ್ಚಿಯಲ್ಲಿ ಕೈಚೀಲ ಹಿಡಿದು ಸುಮ್ಮನೆ ಕುಳಿತಿತ್ತು.

ಬಸ್ಸಿನಲ್ಲಿ ಅವಳು ಅತ್ತಳು. ಕಿಟಕಿಯ ಕಡೆ ತಿರುಗಿ, ಬೆಲ್ಟಿನ ಮೇಲೆ ಕೈಯಿಟ್ಟುಕೊಂಡು, ಸದ್ದಿಲ್ಲದೆ ಅರ್ಧ ದಾರಿ ಅತ್ತಳು. ನಾನು ಬೆನ್ನು ಸವರಿದೆ. "ಅಮ್ಮ ಹೇಳ್ತಿದ್ದದ್ದು ಸುಳ್ಳಲ್ಲ ಅಕ್ಕ. ನಾಲ್ಕು ವರ್ಷ ಹೇಗೋ ನಡೀತು, ಅಷ್ಟೆ" ಎಂದಳು. ಆ ಬಸ್ಸು ಹನ್ನೊಂದು ಕಡೆ ನಿಂತಿತು. ಹನ್ನೊಂದು ಸಲ ನಾನು ಬಾಯಿ ತೆರೆಯಬಹುದಿತ್ತು.

ಇಳಿಯುವಾಗ ಅವಳೇ ಹೇಳಿದಳು. "ಯಜಮಾನ್ರು ನಿನ್ನ ಹತ್ರಾನೇ ಇರ್ಲಿ. ನೀನು ಕರ್ಕೊಂಡು ಹೋಗಿದ್ದಕ್ಕೆ ಪ್ರಾಣ ಉಳೀತು. ನನ್ನ ಹತ್ರ ಇದ್ದಿದ್ರೆ ಇನ್ನೊಂದು ಕಣ್ಣೂ ಹೋಗ್ತಿತ್ತು."

ಹೀಗೆ ಯಜಮಾನರು ನನ್ನ ಅಂಗಡಿಯಲ್ಲಿ ಉಳಿದರು. ಈಗ ಒದ್ದೆ ಮನೆ ಒಂದು ದಿನವೂ ಒಣಗಲಿಲ್ಲ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಬಟ್ಟೆ ಕೊಡಲು ಬಂದವರು ಪೆಟ್ಟಿಗೆಯೊಳಗೆ ಇಣುಕಿ, "ತಂಗಿ ಕೈಲಿ ಕಣ್ಣು ಕಳ್ಕೊಂಡಿತ್ತಂತೆ, ನೀವು ಉಳಿಸಿದ್ರಂತೆ" ಎನ್ನುತ್ತಿದ್ದರು. ಇದನ್ನು ಹೇಳಿಕೊಂಡು ತಿರುಗುತ್ತಿದ್ದವಳು ತಂಗಿಯೇ. ಹಗಲೆಲ್ಲ ಗ್ಯಾರೇಜಿನಲ್ಲಿರುತ್ತಿದ್ದ ನಮ್ಮವರ ಕಿವಿಗೆ ಈ ಮಾತು ಬೀಳಲಿಲ್ಲ, ತಂಗಿಗೆ ಎಲ್ಲ ಗೊತ್ತೆಂದೇ ಅವರು ತಿಳಿದಿದ್ದರು. ಅವಳು ಬರುವುದು ಕಡಿಮೆ ಮಾಡಿದಳು. ಬಂದರೂ ಪೆಟ್ಟಿಗೆಯಿಂದ ದೂರದ ಕುರ್ಚಿಯಲ್ಲಿ ಕೂರುತ್ತಿದ್ದಳು. ಯಜಮಾನರು ಮಾತ್ರ ಅವಳ ದನಿ ಕೇಳಿದ್ದೇ ಗಾಜಿನ ಹತ್ತಿರ ಬಂದು, ಉಳಿದ ಒಂದು ಕಣ್ಣನ್ನು ಅವಳತ್ತ ತಿರುಗಿಸಲು ತಲೆ ಓರೆ ಮಾಡಿ ನಿಲ್ಲುತ್ತಿದ್ದರು. ಕೌಂಟರಿನಲ್ಲಿ ಯಾರಾದರೂ ಯಜಮಾನರ ಸುದ್ದಿ ಕೇಳಿದರೆ, "ಅಕ್ಕನ ಮನೇಲಿ ಸುಖವಾಗಿದ್ದಾರೆ" ಎಂದು ಮಾತು ಬದಲಿಸುತ್ತಾಳೆಂದು ತಿಳಿಯಿತು.

ಒಂದು ವರ್ಷ ಹೀಗೇ ಹೋಯಿತು. ಆಮೇಲೆ ನನ್ನ ಮಗಳು ನಾಲ್ಕು ತಿಂಗಳ ಕೂಸನ್ನೆತ್ತಿಕೊಂಡು ಬಂದಳು. ಚಿಕ್ಕಮ್ಮ ಬಂದಿದ್ದಾಳೆಂದು ಖುಷಿಯಿಂದ, "ತಗೋ ಚಿಕ್ಕಮ್ಮ, ಎತ್ಕೋ, ನಾನು ಮುಖ ತೊಳ್ಕೊಂಡು ಬರ್ತೀನಿ" ಎಂದು ಕೂಸನ್ನು ಚಾಚಿದಳು. ತಂಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಬೇಡ ಮರಿ. ನನ್ನ ಕೈಗೆ ಬೇಡ. ಇಲ್ಲಿಂದಲೇ ನೋಡ್ತೀನಿ."

ಬೆನ್ನು ನೋವಿರಬೇಕೆಂದು ಮಗಳು ಅಂದುಕೊಂಡಳು. ಬೆನ್ನು ಎಂದೋ ವಾಸಿಯಾಗಿತ್ತು. ನಾನು ಇಸ್ತ್ರಿ ಹಿಡಿದು ನಿಂತಿದ್ದೆ. ಕೆಳಗಿನ ಬಟ್ಟೆ ಸುಟ್ಟ ವಾಸನೆ ಬಂದ ಮೇಲೆಯೇ ಕೈ ಎತ್ತಿದ್ದು.

ಅವತ್ತು ಮಧ್ಯಾಹ್ನ ಮಗಳು ಕೂಸಿನೊಂದಿಗೆ ಮಲಗಿದ ಮೇಲೆ, ಅಂಗಡಿಯ ಬಾಗಿಲು ಅರ್ಧ ಎಳೆದು ತಂಗಿಯನ್ನು ಕೂರಿಸಿದೆ. ಎಲ್ಲ ಹೇಳಿದೆ. ಒದ್ದೆ ಮನೆ, ಚಿಮುಟ, ಡಾಕ್ಟರು, ಡ್ರಾಪ್ಸ್. ಅವಳು ಅಳಲಿಲ್ಲ, ಕೂಗಲಿಲ್ಲ. ಟಿಕೆಟ್ ಕೌಂಟರಿನಲ್ಲಿ ಊರು, ದಿನಾಂಕ ಕೇಳುವವಳಂತೆ ಒಂದೊಂದೇ ಕೇಳಿದಳು.

"ಎಷ್ಟು ದಿನ ಒಣಗಿತ್ತು?"

"ಒಂಬತ್ತೋ ಹತ್ತೋ."

"ಡಾಕ್ಟ್ರು ಎಷ್ಟು ಸಲ ಕೇಳಿದ್ರು?"

"ಎರಡು ಸಲ."

"ಆಮೇಲೂ ಡ್ರಾಪ್ಸ್ ಹಾಕ್ದೆ."

"ಐದು ಸಲ."

ಅವಳು ಪೆಟ್ಟಿಗೆಯ ಕಡೆ ನೋಡಿದಳು. ಯಜಮಾನರು ಕಲ್ಲಿನಡಿ ಮಲಗಿದ್ದರು, ಬಾಲ ಮಾತ್ರ ಕಾಣುತ್ತಿತ್ತು.

"ಕೈ ತಪ್ಪಿದ್ದಕ್ಕೆ ನಾನು ಏನೂ ಅಂತಿರ್ಲಿಲ್ಲ ಅಕ್ಕ. ನನ್ನ ಕೈಯೂ ತಪ್ಪಬಹುದಿತ್ತು. ಸುಳ್ಳು ಹೇಳಿದ್ದಕ್ಕೂ ಬೈದು ಸುಮ್ಮನಾಗ್ತಿದ್ದೆ." ಅವಳ ದನಿ ಅಲ್ಲಿಯವರೆಗೆ ಸಮವಾಗಿತ್ತು. "ಆದ್ರೆ ಬಸ್ಸಲ್ಲಿ ನಾನು ಅಷ್ಟು ಹೊತ್ತು ಅತ್ತೆನಲ್ಲ. ನೀನು ಪಕ್ಕದಲ್ಲೇ ಕೂತಿದ್ದೆ. ನನ್ನ ಬೆನ್ನು ಸವರ್ತಿದ್ದೆ."

 

ಸಂಜೆ ನಮ್ಮವರು ಬಂದಾಗ ಅವಳು, "ಭಾವ, ಪೆಟ್ಟಿಗೆ ನಮ್ಮನೇಗೆ ತಲುಪಿಸಿ ಕೊಡ್ತೀರಾ?" ಎಂದಳು. ಅವರು ನನ್ನ ಮುಖ ನೋಡಿದರು, ಅರ್ಥವಾಯಿತು. ಹೊರುವಾಗ ಯಾವ ತಮಾಷೆಯನ್ನೂ ಮಾಡಲಿಲ್ಲ. ವಾಪಸು ಬಂದು ಊಟಕ್ಕೆ ಕುಳಿತಾಗ, "ನನಗೂ ಸುಳ್ಳು ಹೇಳಿದ್ಯಲ್ಲ" ಎಂದರು. ಅಷ್ಟೇ ಅಂದದ್ದು. ಅಷ್ಟು ಸಾಕಾಗಿತ್ತು.

ಮುಂದಿನ ವಾರ ಒಬ್ಬಳೇ ಡಾಕ್ಟರ ಹತ್ತಿರ ಹೋಗಿ ಅವರಿಗೂ ಹೇಳಿದೆ. ಈ ಸಲ ಬೆಂಚಿನಲ್ಲಿ ಕೂತವರಿಗೆಲ್ಲ ಕೇಳಿದರೂ ಕೇಳಲಿ ಎಂದುಕೊಂಡಿದ್ದೆ. ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನಾನೂ ಅವತ್ತು ಬಣ್ಣ ಬರೋವರೆಗೆ ತಡೀಬೇಕಿತ್ತು. ನಿಮ್ಮ ಮಾತು ನಂಬಿ ಕೊಟ್ಟೆ. ಆಮೇಲೆ ನಿಮ್ಮ ತಂಗಿಗೆ ಪುಡಿ ವಿಷಯ ಹೇಳ್ದೆ. ಅದೂ ತಪ್ಪಾಯ್ತು." ಕನ್ನಡಕ ಮತ್ತೆ ಹಾಕಿಕೊಂಡು, "ಅವರಿಗೆ ಒಂದು ಫೋನ್ ಮಾಡ್ತೀನಿ" ಎಂದರು.

ಮಾಡಿದರೆಂದು ಆಮೇಲೆ ತಿಳಿಯಿತು. ತಂಗಿ ನನಗೆ ಎರಡು ತಿಂಗಳು ಫೋನ್ ಮಾಡಲಿಲ್ಲ. ನಾನು ಮಾಡಿದಾಗ ಎತ್ತುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಇಡುತ್ತಿದ್ದಳು. ಕೊನೆಗೆ ತಡೆಯಲಾರದೆ ಒಂದು ಸಂಜೆ ಹೇಳದೆ ಕೇಳದೆ ಅವಳ ಮನೆಗೆ ಹೋದೆ. ಬಾಗಿಲು ತೆರೆದು, "ಬಾ ಅಕ್ಕ" ಎಂದಳು. ಒಳಗೆ ಪೆಟ್ಟಿಗೆ ಮೊದಲಿದ್ದ ಜಾಗದಲ್ಲೇ ಇತ್ತು. ಯಜಮಾನರಿಗೆ ಊಟದ ಹೊತ್ತು.

ಅವಳು ನೆಲದ ಮೇಲೆ ಕುಳಿತು, ಹುಳುವಿಗೆ ಪುಡಿ ಸವರಿ, ಉದ್ದ ಕಡ್ಡಿಯ ತುದಿಯಲ್ಲಿ ಹಿಡಿದು ಯಜಮಾನರ ಎಡಗಡೆಯಿಂದ ನಿಧಾನ ತಂದಳು. ಅವರು ಗುರಿ ನೋಡಿ ನೆಗೆದರು, ತಪ್ಪಿತು. ಒಂದೇ ಕಣ್ಣಿಗೆ ದೂರದ ಅಂದಾಜು ಸಿಗುವುದಿಲ್ಲ. ಅವಳು ಕೈ ಕದಲಿಸದೆ ಕಾದಳು. ಅವರು ಮತ್ತೆ ನೆಗೆದರು, ಮತ್ತೆ ತಪ್ಪಿತು. ನನ್ನ ಕೈ ಚಡಪಡಿಸಿತು. ತಡೆದುಕೊಳ್ಳಲಾಗದೆ, "ಕೊಡು, ನಾನು ತಿನ್ನಿಸ್ತೀನಿ" ಎಂದೆ. ನನ್ನ ಹತ್ತಿರ ಇದ್ದ ವರ್ಷವಿಡೀ ತಿನ್ನಿಸಿದವಳು ನಾನೇ ತಾನೆ.

"ಬೇಡ ಅಕ್ಕ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಚೀಲ ಹಿಡಿಯಲೇ ಎಂದು ಕೇಳಿದರೆ ಬೇಡ ಎನ್ನುತ್ತೇವಲ್ಲ, ಹಾಗಿತ್ತು. ಕೈ ಹಿಂದಕ್ಕೆಳೆದುಕೊಂಡು ಕುಳಿತೆ. ಮೂರನೆಯ ಸಲಕ್ಕೆ ಯಜಮಾನರಿಗೆ ಹುಳು ಸಿಕ್ಕಿತು.

ಆಗ ಅವಳ ಫೋನ್ ರಿಂಗಾಯಿತು. ನನ್ನ ಮಗಳದು. ತಂಗಿ ಫೋನನ್ನು ಕಿವಿ, ಭುಜದ ನಡುವೆ ಸಿಕ್ಕಿಸಿಕೊಂಡು ಇನ್ನೊಂದು ಹುಳುವಿಗೆ ಪುಡಿ ಸವರುತ್ತಾ, "ಹೂಂ ಮರಿ, ಭಾನುವಾರ ಬಿಟ್ಟು ಹೋಗು. ಸಂಜೆವರೆಗೂ ನಾನು ನೋಡ್ಕೋತೀನಿ. ಹೋದ ಸಲ ಅತ್ತೇ ಇಲ್ವಲ್ಲ ಕೂಸು" ಎಂದಳು.

ಹೋದ ಸಲವೆಂಬುದೊಂದು ಇತ್ತೆಂದು ನನಗೆ ಗೊತ್ತಿರಲಿಲ್ಲ. ಇಬ್ಬರಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಅವಳ ಮನಸ್ಸು ಹಗುರಾಗಲೆಂದೇ ತಾನೆ ಅವತ್ತು ಬಾಯಿ ಬಿಟ್ಟಿದ್ದು, ಸಂತೋಷ ಪಡಬೇಕಿತ್ತು. ಪಟ್ಟೆ ಕೂಡ. ಕತ್ತಲಾಗುವ ಮೊದಲೇ ಎದ್ದು, "ಬರ್ತೀನಿ ಕಣೆ" ಎಂದೆ. ಅವಳು ಬಾಗಿಲವರೆಗೆ ಬಂದು ಚಪ್ಪಲಿ ಹಾಕಿಕೊಳ್ಳುವುದನ್ನು ನೋಡುತ್ತಾ ನಿಂತಳು. "ಹುಷಾರಾಗಿ ಹೋಗು, ಮೆಟ್ಟಿಲ ಮೇಲೆ ದೀಪ ಇಲ್ಲ" ಎಂದಳು. ನಾನು ಗೋಡೆ ಹಿಡಿದುಕೊಂಡು ಇಳಿದೆ.